ಹೊಗೆಯಟ್ಟದ ಹಲಸಿನ ತುಂಡು

ಯಾರ ಮನೆಗೆ ಹೋದರೂ ನಾನು ಮೊದಲು ಮಾತನಾಡಿಸುವುದು ಮನೆಯ ಯಜಮಾನರನ್ನಲ್ಲ, ಅವರು ಕೂರಲು ತೋರಿಸಿದ ಬೆಂಚನ್ನು. ಬಲಗೈಯ ನಡುಬೆರಳನ್ನು ಮಡಿಸಿ, ಅದರ ಗೆಣ್ಣಿನಿಂದ ಹಲಗೆಯ ಅಂಚಿಗೆ ಎರಡು ಸಲ ಬಡಿಯುತ್ತೇನೆ. ಟೊಳ್ಳು ಮರ ಡೊಬ್ಬೆಂದು ಸುಮ್ಮನಾಗುತ್ತದೆ. ಹಸಿ ಮರ ಉತ್ತರವನ್ನೇ ಕೊಡುವುದಿಲ್ಲ. ಮರದ ನಡುವಿನ ಗಟ್ಟಿ ಭಾಗ, ಅಂದರೆ ಚೇಗು, ಚೆನ್ನಾಗಿ ಒಣಗಿದ್ದರೆ ಮಾತ್ರ ಟಣ್ಣೆಂದು ತನ್ನ ಕುಲಗೋತ್ರವನ್ನು ತಾನೇ ಹೇಳಿಕೊಳ್ಳುತ್ತದೆ. ತಮ್ಮನಿಗೆ ಹೆಣ್ಣು ನೋಡಲು ಹೋದಾಗ, ಹೆಣ್ಣಿನ ತಂದೆ ತಮ್ಮ ವಂಶದ ಹಿರಿಮೆಯನ್ನು ವಿವರಿಸುತ್ತಿದ್ದರೆ ನಾನು ಅವರ ನಡುಮನೆಯ ಕಂಬವನ್ನು ಬಡಿದು, ಇದು ಹೆಬ್ಬಲಸೋ ಸಂಪಿಗೆಯೋ ಎಂದು ಕೇಳಿಬಿಟ್ಟೆ. ಸಂಬಂಧ ಮುರಿಯದೆ ಉಳಿದದ್ದು ಆ ಕಂಬದ ಪುಣ್ಯ. ಸಾವಿನ ಮನೆಯಲ್ಲಿ ಸಮಾಧಾನ ಹೇಳಲು ಹೋಗಿ ಮಂಚದ ಕಾಲನ್ನು ಬಡಿದ ಸಂಗತಿಯೂ ಒಂದಿದೆ. ಅದನ್ನು ಇಲ್ಲಿ ವಿಸ್ತರಿಸುವಷ್ಟು ಧೈರ್ಯ ನನಗಿಲ್ಲ.

ಮೂಡಿಗೆರೆಯ ಮಿಡ್ಲ್ ಸ್ಕೂಲಿನಲ್ಲಿ ಹೆಡ್ ಮಾಸ್ತರನಾಗಿರುವ ನನಗೆ ವಾರದ ಆರು ದಿನ ವ್ಯಾಕರಣ, ಭಾನುವಾರ ಮರಗೆಲಸ. ನಮ್ಮ ಮನೆತನದಲ್ಲಿ ಯಾರೂ ಉಳಿ ಹಿಡಿದವರಲ್ಲ. ಹಿಡಿಯದಿದ್ದುದಕ್ಕೆ ಕಾರಣವೇನೆಂಬುದು ನನ್ನ ಕೆಲಸವನ್ನು ನೋಡಿದವರಿಗೆ ತಿಳಿಯುತ್ತದೆ. ಈವರೆಗೆ ಮಾಡಿ ಮುಗಿಸಿದವು ಒಂದು ಕಾಲುಮಣೆ, ಎರಡು ಸೌಟಿನ ಹಿಡಿ, ಮತ್ತು ಒಂದು ಇಲಿಬೋನು. ಕಾಲುಮಣೆಯ ಮೇಲೆ ಕೂತವರು ಯಾವಾಗಲೂ ಏನನ್ನೋ ಯೋಚಿಸುತ್ತಿರುವವರಂತೆ ಒಂದು ಪಕ್ಕಕ್ಕೆ ವಾಲಿರುತ್ತಾರೆ. ಇಲಿಬೋನಿನೊಳಗೆ ಒಂದು ಇಲಿ ತನ್ನಿಚ್ಛೆಯಿಂದಲೇ ಸಂಸಾರ ಹೂಡಿ ಮರಿ ಹಾಕಿತು. ಆದರೂ ಹೇಳುತ್ತೇನೆ, ನನ್ನ ದೋಷವೆಲ್ಲ ಕೈಯಲ್ಲಿದ್ದದ್ದೇ ಹೊರತು ಕಣ್ಣಿನಲ್ಲಿ ಇರಲಿಲ್ಲ. ಒಳ್ಳೆಯ ಮರವನ್ನು ಗುರುತಿಸುವುದರಲ್ಲಿ ಈ ತಾಲ್ಲೂಕಿನಲ್ಲಿ ನನಗೆ ಸಮಾನರಿಲ್ಲ ಎಂದು ನಾನು ನಂಬಿದ್ದೆ. ಈ ಮಳೆಗಾಲದವರೆಗೆ ಆ ನಂಬಿಕೆಗೆ ಭಂಗ ಬಂದಿರಲಿಲ್ಲ.

ಮಲೆನಾಡಿನಲ್ಲಿದ್ದುಕೊಂಡು ಮರಕ್ಕೆ ಬರವೇ ಎಂದು ಬಯಲುಸೀಮೆಯ ನೆಂಟರು ನಗುತ್ತಾರೆ. ಕಿಟಕಿ ತೆರೆದರೆ ಕಾಡು, ಬಾಗಿಲು ತೆರೆದರೆ ಕಾಫಿತೋಟ, ಅದರ ನೆತ್ತಿಯ ಮೇಲೆ ನೆರಳಿನ ಮರಗಳ ಸಾಲು ಸಾಲು. ಆದರೆ ಒಂದು ಮೊಳ ಹಲಗೆ ಬೇಕೆಂದು ಹೊರಡಿ ನೋಡೋಣ. ತೇಗ, ಬೀಟೆ, ಗಂಧ ಮೂರೂ ಮಹಾರಾಜರ ಸರ್ಕಾರದ ಸ್ವತ್ತು. ನಿಮ್ಮ ಹಿತ್ತಲಿನಲ್ಲೇ ಹುಟ್ಟಿ, ನಿಮ್ಮ ಬಚ್ಚಲಿನ ನೀರನ್ನೇ ಕುಡಿದು ಬೆಳೆದರೂ ಅವು ನಿಮ್ಮವಲ್ಲ. ಎಸ್ಟೇಟಿನ ಸಾಹುಕಾರರು ನೆರಳಿನ ಮರವನ್ನು ಸುಮ್ಮನೆ ಕಡಿಸುವುದಿಲ್ಲ. ಹಣ್ಣು ಕೊಡುವ ಹಲಸಿಗಂತೂ ಇಲ್ಲಿ ಯಾರೂ ಕೊಡಲಿ ಹಾಕಲು ಒಪ್ಪುವುದಿಲ್ಲ. ತಾನಾಗಿ ಗಾಳಿಗೆ ಉರುಳುವವರೆಗೆ ಕಾಯಬೇಕು. ಯುದ್ಧ ಶುರುವಾದ ಮೇಲೆ ಡಿಪೋದಲ್ಲಿದ್ದ ದಿಮ್ಮಿಗಳನ್ನು ಲಾರಿಗಳು ಎಲ್ಲಿಗೋ ಹೊತ್ತೊಯ್ಯುತ್ತಿವೆ. ಹೀಗಾಗಿ ಮರದ ಸಮುದ್ರದ ನಡುವೆ ಕೂತ ನನ್ನಂಥ ಹವ್ಯಾಸಿಗೆ ಉಳಿಯುವುದು ಮುರಿದ ಗಾಡಿಯ ನೊಗ, ದೊರೆಗಳ ಬಂಗಲೆಯಿಂದ ಹೊರಬಿದ್ದ ವಿಸ್ಕಿ ಪೆಟ್ಟಿಗೆ, ಬುಡಸಹಿತ ಕಿತ್ತ ಮುದಿ ಕಾಫಿಗಿಡದ ಕಾಂಡ, ಇಲ್ಲವೇ ಆಲ್ದೂರಿನ ಹಸನಬ್ಬ.

ಹಸನಬ್ಬ ಎತ್ತಿನ ಗಾಡಿ ಕಟ್ಟುವವನು. ಆಲ್ದೂರಿನ ರಸ್ತೆಬದಿಯಲ್ಲಿ ಅವನ ಕೊಟ್ಟಿಗೆ. ಅದರ ಮೂಲೆಯಲ್ಲಿ ಅವನು ಯಾರಿಗೂ ಕೊಡದೆ ಇಟ್ಟುಕೊಂಡ ತುಂಡುಗಳ ಒಂದು ರಾಶಿ. ಯಾವ ತೋಟದಲ್ಲಿ ಯಾವ ಮರ ಬಿತ್ತು, ಯಾವ ಹಳೆಯ ಮನೆಯ ತೊಲೆ ಇಳಿಸಿದರು ಎಂಬ ಸುದ್ದಿ ತಾಲ್ಲೂಕಿಗೆಲ್ಲ ಮೊದಲು ಅವನಿಗೆ ಮುಟ್ಟುತ್ತದೆ. ಅವನ ಸ್ನೇಹ ಸಂಪಾದಿಸಲು ನನಗೆ ಮೂರು ವರ್ಷ ಹಿಡಿಯಿತು. ಆ ಸ್ನೇಹದ ಫಲವಾಗಿಯೇ ಒಂಬತ್ತು ವರ್ಷಗಳ ಹಿಂದೆ ನನಗೆ ಹಲಸಿನ ತುಂಡು ಸಿಕ್ಕಿತು. ಅದರ ಕಥೆಗೆ ಮೊದಲು ಜಾನಕಿಯ ಸೀಮೆಸುಣ್ಣದ ಕಥೆ ಹೇಳಬೇಕು.

ಜಾನಕಿ ನನ್ನ ಹೆಂಡತಿ, ಕಳಸದ ಕಡೆಯವಳು. ಅಲ್ಲಿ ಆಷಾಢದ ಮಳೆ ಹಿಡಿದರೆ ಹೆಂಗಸರು ಮಧ್ಯಾಹ್ನದ ಊಟ ಮುಗಿಸಿ ಚನ್ನೆಮಣೆ ಇಳಿಸುತ್ತಾರೆ. ಒಂದೇ ಮರದ ದಪ್ಪ ಹಲಗೆ, ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಯಿಂದ ಗುಳಿಗೆ ಕೆಂಪು ಮಂಜೊಟ್ಟಿ ಬೀಜಗಳನ್ನು ಬಿಡುತ್ತ ಹೋಗುವ ಆಟ. ಅವಳ ತಾಯಿಯ ಚನ್ನೆಮಣೆ ಅಕ್ಕನ ಪಾಲಿಗೆ ಹೋಯಿತಂತೆ. ಮದುವೆಯಾದ ಮೊದಲ ಮಳೆಗಾಲ ನಾನು ಸ್ಕೂಲಿನಿಂದ ಬಂದಾಗ ಅವಳು ನನ್ನ ಜೇಬಿನಿಂದ ತೆಗೆದುಕೊಂಡ ಸೀಮೆಸುಣ್ಣದಿಂದ ಅಡಿಗೆಮನೆಯ ನೆಲದ ಮೇಲೆ ಹದಿನಾಲ್ಕು ಸೊನ್ನೆ ಬರೆದು, ಹುಣಸೆಬೀಜ ಇಟ್ಟುಕೊಂಡು, ಎರಡೂ ಕಡೆಯ ಆಟವನ್ನು ಒಬ್ಬಳೇ ಆಡುತ್ತಿದ್ದಳು. ಹೊಸ ಗಂಡನ ಹುಮ್ಮಸ್ಸಿನಲ್ಲಿ, "ನಿನಗೆ ಚನ್ನೆಮಣೆ ನಾನೇ ಮಾಡಿಕೊಡ್ತೇನೆ, ನಿಮ್ಮಮ್ಮನದಕ್ಕಿಂತ ಒಳ್ಳೇದು," ಎಂದೆ. ಅವಳು ನನ್ನ ಮುಖ ನೋಡಿ ನಕ್ಕಳು. ಆ ನಗುವನ್ನು ಗಳಿಸಲು ಎಂಥ ಮಾತು ಕೊಟ್ಟರೂ ಕಡಿಮೆಯೇ ಎಂದು ಅಂದು ಅನ್ನಿಸಿತ್ತು.

ಮಾತು ಕೊಟ್ಟ ಮೇಲೆ ಮರ ಹುಡುಕಲು ಹೊರಟೆ. ಚನ್ನೆಮಣೆಗೆ ಬೇಕಾದದ್ದು ಗಂಟಿಲ್ಲದ, ಬಿರುಕಿಲ್ಲದ, ಮೂರು ಗೇಣು ಉದ್ದದ ಹಲಸಿನ ಚೇಗು. ವರ್ಷಗಟ್ಟಲೆ ಕಾದ ಮೇಲೆ ಮಲ್ಲಂದೂರಿನ ಒಂದು ಎಸ್ಟೇಟಿನಲ್ಲಿ ಮುದಿ ಹಲಸೊಂದು ಗಾಳಿಗೆ ಬಿದ್ದಿದೆಯೆಂದು ಹಸನಬ್ಬ ಹೇಳಿ ಕಳಿಸಿದ. ಅವನು ಕೊಯ್ಯಿಸಿಕೊಟ್ಟ ತುಂಡನ್ನು ನಾನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಟಾಪಿನ ಮೇಲೆ ಹಾಕೆಂದು ಕಂಡಕ್ಟರ್ ಗದರಿದರೂ ಕೊಡಲಿಲ್ಲ. ಪಕ್ಕದಲ್ಲಿ ಕೂತ ಮುದುಕಿ ಬಹಳ ಹೊತ್ತು ನನ್ನನ್ನೂ ತುಂಡನ್ನೂ ನೋಡಿ, "ಎಂತ ಮಗ, ದೇವರು ಮಾಡ್ಸಕ್ಕಾ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಬಣ್ಣವೆಂದರೆ ಆಗತಾನೆ ಅರೆದ ಅರಿಸಿನದ ಬಣ್ಣ. ಆ ಭಾನುವಾರವೇ ತಾಳಲಾರದೆ ಉಳಿ ಇಟ್ಟು ನೋಡಿದೆ; ಹಸಿಮರ, ನಾರು ಎದ್ದಿತು, ಉಳಿ ಜಾರಿತು, ಮನಸ್ಸು ಮುದುಡಿತು. ಹಸನಬ್ಬನನ್ನು ಕೇಳಿದರೆ, "ಅವಸರ ಎಂತಕ್ಕೆ ಮಾಷ್ಟ್ರೇ? ಮೂರು ಮಳೆಗಾಲ ಹೊಗೆ ಕುಡೀಲಿ," ಎಂದ.

ನಮ್ಮಲ್ಲಿ ಒಲೆಯ ನೆತ್ತಿಗೆ ಬಿದಿರಿನ ಒಂದು ಅಟ್ಟ ಇರುತ್ತದೆಯಲ್ಲ, ಮಳೆಗಾಲದ ಸೌದೆಯನ್ನೆಲ್ಲ ಬೆಚ್ಚಗಿಡುವ ಹೊಗೆಯಟ್ಟ, ಅದರ ಮೂಲೆಗೆ ಹಲಸಿನ ತುಂಡು ಏರಿತು. ಮೂರು ಮಳೆಗಾಲ ಕಳೆದವು. ಅಷ್ಟರಲ್ಲಿ ಅದು ಮಸಿ ಹಿಡಿದು ಅಕ್ಕಪಕ್ಕದ ಸೌದೆಯಂತೆಯೇ ಕಪ್ಪಾಗಿತ್ತು. ಇಳಿಸಬಹುದಿತ್ತು. ಆದರೆ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟಿತು: ಇಂಥ ಮರ ಇನ್ನೊಮ್ಮೆ ಸಿಗುವುದಿಲ್ಲ, ನನ್ನ ಕೈ ಇನ್ನೂ ಪಳಗಿಲ್ಲ, ಕೆಟ್ಟರೆ ಕೆಟ್ಟಂತೆಯೇ. ಇನ್ನೊಂದು ಮಳೆಗಾಲ ಒಣಗಲಿ ಎಂದೆ. ಮರು ವರ್ಷವೂ ಅದನ್ನೇ ಅಂದೆ. ಜಾನಕಿ ಪ್ರತಿ ಆಷಾಢದಲ್ಲೂ ಸೀಮೆಸುಣ್ಣ ಕೇಳುತ್ತಿದ್ದಳು. ನಾನು ಪ್ರತಿ ಆಷಾಢದಲ್ಲೂ ಕೆಳಗೆ ನಿಂತು, ಹೊಗೆಯೊಳಗೆ ಕಣ್ಣು ಕಿರಿದು ಮಾಡಿ, ಮೂಲೆಯಲ್ಲಿ ಕಪ್ಪಗೆ ಮಲಗಿದ್ದ ನನ್ನ ಸಂಪತ್ತನ್ನು ನೋಡಿ ತೃಪ್ತನಾಗುತ್ತಿದ್ದೆ. ಹಲಸೊಂದೇ ಅಲ್ಲ, ನಡುಮನೆಯ ಅಟ್ಟದಲ್ಲಿ, ಕೆಡವಿದ ಹಳೆಯ ಮನೆಯೊಂದರ ಬೀಟೆ ಬಾಗಿಲುವಾಡದ ತುಂಡು, ಎರಡು ಹೊನ್ನೆ ಹಲಗೆ, ನಂದಿ ಮರದ ಒಂದು ತುಂಡು, ಎಲ್ಲವೂ ತಮಗೆ ತಕ್ಕ ಕೆಲಸ ಬರುವವರೆಗೆ ವಿಶ್ರಾಂತಿಯಲ್ಲಿದ್ದವು.

ಈ ಸ್ಥಿತಿಯಲ್ಲಿ ಊರಿಗೆ ಡಾಕ್ಟರ್ ರುದ್ರಪ್ಪನವರು ಬಂದರು.

ಅವರು ತಿಪಟೂರಿನ ಕಡೆಯವರು. ಕಳೆದ ವರ್ಷ ಬೇಸಗೆಯಲ್ಲಿ ಡಿಸ್ಪೆನ್ಸರಿಗೆ ವರ್ಗವಾಗಿ ಬಂದು ನಮ್ಮ ಪಕ್ಕದ ಮನೆಯನ್ನೇ ಹಿಡಿದರು. ಸಾಮಾನು ಇಳಿಸುವಾಗ ಔಷಧಿಯ ಪೆಟ್ಟಿಗೆಗಿಂತ ಜೋಪಾನವಾಗಿ ಒಂದು ಉಳಿಗಳ ಚೀಲವನ್ನು ಅವರು ತಾವೇ ಹೊತ್ತುಕೊಂಡು ಹೋದದ್ದನ್ನು ಕಂಡು ನನಗೆ ಮೊದಲು ಆನಂದವಾಯಿತು. ಈ ಊರಿನಲ್ಲಿ ನನಗೊಬ್ಬ ಸಮಾನಧರ್ಮಿ ಸಿಕ್ಕನಲ್ಲ ಎಂದು ಆ ಸಂಜೆಯೇ ಹೋಗಿ ಅವರ ಬೆಂಚನ್ನು ಬಡಿದು ಬಂದೆ. ಆನಂದ ಹದಿನೈದು ದಿನ ಬಾಳಿತು. ಹದಿನಾರನೆಯ ದಿನ ಅವರು ತಾವೇ ಮಾಡಿದ ಒಂದು ಸ್ಟೂಲನ್ನು ತೋರಿಸಿದರು. ನಾಲ್ಕು ಕಾಲೂ ಏಕಕಾಲದಲ್ಲಿ ನೆಲ ಮುಟ್ಟುತ್ತಿದ್ದವು. ಮರವೋ, ಹಳೆಯ ಬೀಟೆ. ಎಣ್ಣೆ ಹಚ್ಚಿದ ಮೇಲೆ ಅದರ ಒಳಗಿನ ಗೆರೆಗಳು ಹರಿಯುವ ನೀರಿನಂತೆ ಕಾಣುತ್ತಿದ್ದವು. "ಎಲ್ಲಿ ಸಿಕ್ಕಿತು?" ಎಂದೆ. "ಯಾರೋ ಪೇಷೆಂಟು ತಂದುಕೊಟ್ರು ಮೇಷ್ಟ್ರೇ," ಎಂದರು, ನೆಗಡಿಯ ವಿಷಯ ಹೇಳಿದಷ್ಟು ಹಗುರವಾಗಿ.

ಓದುಗ ಮಿತ್ರರೇ, ಈ ಅನ್ಯಾಯವನ್ನು ಸ್ವಲ್ಪ ಯೋಚಿಸಿ. ನಾನು ಮೂರು ವರ್ಷ ಹಸನಬ್ಬನ ಕೊಟ್ಟಿಗೆಯ ಮುಂದೆ ಕೂತು ಪಡೆದದ್ದನ್ನು ಈ ಮನುಷ್ಯ ಒಂದು ಗಾಯಕ್ಕೆ ಪಟ್ಟಿ ಕಟ್ಟಿ ಪಡೆಯುತ್ತಿದ್ದ. ಎಸ್ಟೇಟಿನ ಮೇಸ್ತ್ರಿಗೆ ಕಾಲಿನ ಹುಣ್ಣು ವಾಸಿಯಾದರೆ ಕಾಫಿಹಣ್ಣು ಸುಲಿಯುವ ಮುರಿದ ಪಲ್ಪರ್ ಮನೆಯ ಹಲಗೆ ಬರುತ್ತಿತ್ತು. ಲೆಕ್ಕ ಬರೆಯುವ ರೈಟರ ಹೆಂಡತಿಗೆ ಸುಖಪ್ರಸವವಾದರೆ ಸಂಪಿಗೆಯ ತುಂಡು ಬರುತ್ತಿತ್ತು. ಚಳಿಜ್ವರ ಬಿಟ್ಟವರೆಲ್ಲ ಏನಾದರೊಂದು ಕೊರಡು ಹೊತ್ತು ಬಂದು ಅವರ ಜಗಲಿಗೆ ಒರಗಿಸಿ ಕೈಮುಗಿಯುತ್ತಿದ್ದರು. ಮಾಸ್ತರನಿಗೆ ಯಾರು ಏನು ತರುತ್ತಾರೆ? ಪಾಸಾದವನ ತಂದೆ ಮಗನ ಬುದ್ಧಿಯನ್ನು ಹೊಗಳಿಕೊಂಡು ಹೋಗುತ್ತಾನೆ, ಫೇಲಾದವನ ತಂದೆ ನನ್ನ ಬುದ್ಧಿಯನ್ನು ಪ್ರಶ್ನಿಸಿ ಹೋಗುತ್ತಾನೆ. ಬಹಳವೆಂದರೆ ಒಂದು ಸೌತೆಕಾಯಿ. ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಸಭ್ಯ ಪದವನ್ನು ಹುಡುಕಿದೆ, ವ್ಯಾಕರಣದ ಮಾಸ್ತರನಿಗೂ ಸಿಗಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೂ ನನ್ನ ಕಣ್ಣು ಅವರ ಜಗಲಿಯ ಮೇಲೆಯೇ, ಇವತ್ತು ಏನು ಬಂದಿದೆ ಎಂದು.

ಆ ಮನುಷ್ಯನಿಗೆ ಮಲೆನಾಡಿನ ಗಂಧಗಾಳಿ ಇರಲಿಲ್ಲ ಎಂಬುದೊಂದೇ ನನಗಿದ್ದ ಸಮಾಧಾನ. ಮಳೆಗಾಲಕ್ಕೆ ಮೊದಲು ಸೌದೆ ಕೂಡಿಹಾಕಬೇಕೆಂಬುದು ಇಲ್ಲಿಯ ಹಸುಗೂಸಿಗೂ ಗೊತ್ತು. ಅವರು ಮಳೆ ಹಿಡಿದ ಮೇಲೆ ಗಾಡಿಗೆ ಹೇಳಿದರು. ಹಸಿ ಸೌದೆ ಊದಿ ಊದಿ ಅವರ ಮನೆಯವರಾದ ಗಂಗಮ್ಮನವರ ಕಣ್ಣು ಕೆಂಡವಾಯಿತಂತೆ. ನಾನು ಆಗ ಪರೀಕ್ಷೆಯ ಕೆಲಸಕ್ಕೆ ಹತ್ತು ದಿನ ಚಿಕ್ಕಮಗಳೂರಿಗೆ ಹೋಗಿದ್ದೆ. ಬಂದಾಗ ಜಾನಕಿ, ನಮ್ಮ ಹೊಗೆಯಟ್ಟದಿಂದ ಒಂದು ಹೊರೆ ಒಣಸೌದೆ ಕೊಟ್ಟಿದ್ದೇನೆ ಎಂದಳು. ಮಳೆಗಾಲದಲ್ಲಿ ಒಣಸೌದೆ ಕೇಳಿದವರಿಗೆ ಇಲ್ಲವೆನ್ನಬಾರದು, ದೀಪಾವಳಿ ಕಳೆದ ಮೇಲೆ ಹೊರೆಗೆ ಹೊರೆ ಹಿಂತಿರುಗಿಸಬೇಕು, ಇದು ನಮ್ಮ ಕಡೆಯ ಪದ್ಧತಿ. ಡಾಕ್ಟರು ದೀಪಾವಳಿಯ ನಂತರ ಮರೆಯದೆ ಒಂದು ಹೊರೆ ಕಳಿಸಿದರು. ಅದು ಹಾಲುವಾಣ! ಕಾಫಿಗಿಡಕ್ಕೆ ನೆರಳಾಗುವುದು ಬಿಟ್ಟರೆ ಜಗತ್ತಿನಲ್ಲಿ ಬೇರಾವ ಕೆಲಸಕ್ಕೂ ಬಾರದ, ಒಲೆಗೆ ಹಾಕಿದರೆ ಉರಿಯುವ ಮನಸ್ಸನ್ನೇ ಮಾಡದ ಹಾಲುವಾಣ. ನಾನು ಒಂದು ವಾರ ಅದನ್ನೇ ನೆನೆದು ನೆನೆದು ನಕ್ಕೆ. ಜಾನಕಿಯೂ ನಗುತ್ತಿದ್ದಳು. ನಾವಿಬ್ಬರೂ ಒಂದೇ ವಿಷಯಕ್ಕೆ ನಗುತ್ತಿದ್ದೇವೆ ಎಂದು ನಾನು ತಿಳಿದಿದ್ದೆ.

ಈ ವರ್ಷ ಆಷಾಢ ಬಂತು. ಜಾನಕಿ ಸೀಮೆಸುಣ್ಣ ಕೇಳಲಿಲ್ಲ. ಎರಡು ದಿನ ನೋಡಿ, ಮೂರನೆಯ ದಿನ ನಾನೇ ಒಂದು ತುಂಡು ತಂದು ಕಿಟಕಿಯ ಮೇಲಿಟ್ಟೆ. ಅದು ಅಲ್ಲೇ ಇತ್ತು. ಮಧ್ಯಾಹ್ನ ಅವಳು ಹೊರಟು ನಿಂತಾಗ ಎಲ್ಲಿಗೆಂದು ಕೇಳಿದೆ.

"ಡಾಕ್ಟ್ರ ಮನೆಗೆ. ಚನ್ನೆಮಣೆ ಮಾಡಿದಾರೆ ಅವ್ರು," ಎಂದಳು.

ಸ್ಟೂಲಾಗಲಿ ಪೆಟ್ಟಿಗೆಯಾಗಲಿ ಮಾಡಿಕೊಳ್ಳಲಿ. ಲೋಕದಲ್ಲಿರುವ ಬೀಟೆಯೆಲ್ಲ ಅವರ ಜಗಲಿಗೇ ಬರಲಿ. ಆದರೆ ಚನ್ನೆಮಣೆ! ನಾನು ಕೊಟ್ಟ ಮಾತನ್ನು ಪಕ್ಕದ ಮನೆಯವನು ನಡೆಸಿಕೊಟ್ಟಿದ್ದ, ನನ್ನ ಹೆಂಡತಿ ಅಲ್ಲಿ ಕೂತು ನಗುತ್ತಿದ್ದಳು. ಗೋಡೆಯಾಚೆಯಿಂದ ಬೀಜಗಳ ಟಕಟಕ ಸದ್ದೂ ಅವಳ ನಗುವೂ ಕೇಳಿಸುತ್ತಿತ್ತು. ಮದುವೆಯಾದ ಮೊದಲ ಮಳೆಗಾಲದ ನಗು ಅದು. ಈ ಹಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಅದು ಕೇಳಿರಲಿಲ್ಲವೆಂಬುದು ನನಗೆ ಆ ಗೋಡೆಯ ಈಚೆ ನಿಂತಾಗಲೇ ಗೊತ್ತಾದದ್ದು.

ಮರುದಿನ ನೋಡಲು ಹೋದೆ. ಹೋಗದೆ ಇರಲಾರೆನಾದ್ದರಿಂದ ಹೋದೆ. ಗಂಗಮ್ಮನವರು ಬೀಜ ತೆಗೆದು ಹಲಗೆಯನ್ನು ನನ್ನ ಮುಂದಿಟ್ಟರು. ಹಲಸು. ಅಂಥ ಹಲಸನ್ನು ನಾನು ನೋಡಿರಲಿಲ್ಲ. ಅಥವಾ ಒಮ್ಮೆ ಮಾತ್ರ, ಬಸ್ಸಿನಲ್ಲಿ ತೊಡೆಯ ಮೇಲೆ ನೋಡಿದ್ದೆ. ಹೊಗೆ ಕುಡಿದು ಮಾಗಿದ ಜೇನಿನ ಬಣ್ಣ, ಒಂದು ಬಿರುಕಿಲ್ಲ, ಒಂದು ಗಂಟಿಲ್ಲ. ಬಡಿದರೆ ಕಂಚಿನ ತಟ್ಟೆಯ ನಾದ. ಗುಳಿಗಳು ಬಟ್ಟಲಿನಷ್ಟು ನಯ. ಮತ್ಸರದ ಕಣ್ಣು ಬಹಳ ಚುರುಕು. ಎಲ್ಲಿ ಸುಂದರವಾಗಿದೆಯೋ ಅಲ್ಲಿ ನಿಲ್ಲದೆ ಜಾರಿ ಜಾರಿ ಕೊನೆಗೆ ಒಂದೆಡೆ ನಿಂತಿತು. ಈಚೆ ಸಾಲಿನ ನಡುವಿನ ಗುಳಿ ಉಳಿದವುಗಳಂತಿರಲಿಲ್ಲ. ಅದರ ಎಡಗೋಡೆ ವಾಲಿತ್ತು, ತಳದಲ್ಲಿ ಉಳಿ ಜಾರಿದ ಒಂದು ಗೀರು. ನನಗಾದ ಸಂತೋಷವನ್ನು ಹೇಗೆ ವರ್ಣಿಸಲಿ! ಇಡೀ ಒಂದು ವರ್ಷದ ಸಂಕಟಕ್ಕೆ ಮದ್ದು ಆ ಒಂದು ಗುಳಿಯಲ್ಲಿ ಸಿಕ್ಕಂತಾಯಿತು.

ಸಂಜೆ ಜಾನಕಿಗೆ ಹೇಳಿದೆ, "ನಡುವಿನ ಗುಳಿ ನೋಡಿದ್ಯಾ? ಎಷ್ಟು ಸೊಟ್ಟ! ಉಳಿ ಹಿಡಿಯೋದೇ ಗೊತ್ತಿಲ್ಲದವನ ಕೆಲಸ ಅದು."

"ಹೌದಾ?" ಎಂದಳು, ತಲೆಯೆತ್ತದೆ, ಅಕ್ಕಿ ಆರಿಸುತ್ತ.

"ಹೌದಾ ಅಂದ್ರೆ? ಕಣ್ಣು ಮುಚ್ಚಿ ತೋಡಿದ ಹಾಗಿದೆ. ಆ ಕೈಯಿಂದ ಮನುಷ್ಯರಿಗೆ ಆಪರೇಷನ್ ಮಾಡ್ತಾರಲ್ಲ, ದೇವರೇ ಕಾಪಾಡಬೇಕು."

ಅವಳು ಅಕ್ಕಿಯಿಂದ ಒಂದು ಕಲ್ಲನ್ನು ಆರಿಸಿ ಎಸೆದಳು. ಅದನ್ನೇ ಒಪ್ಪಿಗೆಯೆಂದು ತಿಳಿದು ನಾನು ಆ ಗುಳಿಯನ್ನು ಊರೆಲ್ಲ ಪ್ರಚಾರ ಮಾಡಿದೆ. ಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಗೆ ಬೋರ್ಡಿನ ಮೇಲೆ ಅದರ ಚಿತ್ರ ಬರೆದು ತೋರಿಸಿದೆ. ಪೋಸ್ಟಾಫೀಸಿನಲ್ಲಿ ಹೇಳಿದೆ. ಹೋಟೆಲಿನಲ್ಲಿ ಕಾಫಿ ಲೋಟವನ್ನೇ ಓರೆಯಾಗಿ ಹಿಡಿದು, ಇಷ್ಟು ವಾಲಿದೆ ನೋಡಿ, ಎಂದು ಪ್ರಾತ್ಯಕ್ಷಿಕೆ ಕೊಟ್ಟು ಪಂಚೆಯ ಮೇಲೆ ಕಾಫಿ ಚೆಲ್ಲಿಕೊಂಡೆ.

ಆದರೂ ಮರ ಎಲ್ಲಿಯದು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನೇರವಾಗಿ ಕೇಳಲು ಅಭಿಮಾನ ಅಡ್ಡ ಬಂದದ್ದರಿಂದ ಹೊಟ್ಟೆನೋವಿನ ನೆಪ ಹೂಡಿ ಡಿಸ್ಪೆನ್ಸರಿಗೆ ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತಿರುವಾಗ, ಏನೋ ನೆನಪಾದವನಂತೆ, "ಅಂದ ಹಾಗೆ ಆ ಹಲಸು ಎಲ್ಲಿ ಸಿಕ್ತು?" ಎಂದೆ. ಅವರು ಒತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಒಬ್ರು ಕೊಟ್ರು ಮೇಷ್ಟ್ರೇ. ಯಾರು ಅಂತ ಈಗಲೇ ಹೇಳ್ಬೇಡಿ ಅಂದವ್ರೆ," ಎಂದು ಹೇಳಿ ಒಂದು ಔನ್ಸು ಹರಳೆಣ್ಣೆಯನ್ನು ತಮ್ಮ ಕಣ್ಣೆದುರಿಗೇ ಕುಡಿಸಿದರು. ಮರುದಿನವೆಲ್ಲ ಪಾಠ ಮಾಡಲಾಗಲಿಲ್ಲ. ಹೊಟ್ಟೆಯ ಕಿಚ್ಚಿಗೆ ಹರಳೆಣ್ಣೆ ಔಷಧಿಯಲ್ಲವೆಂಬುದನ್ನು ಅನುಭವದಿಂದ ಹೇಳಬಲ್ಲೆ.

ಕೊಟ್ಟವರ ಹೆಸರನ್ನು ಮುಚ್ಚಿಡುತ್ತಾರೆಂದರೆ ಅದರಲ್ಲೇನೋ ಗುಟ್ಟಿದೆ ಎಂದುಕೊಂಡು ಭಾನುವಾರ ಮಳೆಯಲ್ಲೇ ಆಲ್ದೂರಿನ ಬಸ್ಸು ಹತ್ತಿದೆ. ಹಸನಬ್ಬ ಗಾಡಿಚಕ್ರದ ನಡುವಿನ ಗುಂಬವನ್ನು ಬೈರಿಗೆಯಿಂದ ಕೊರೆಯುತ್ತಿದ್ದ. ನಾನು ಮರದ ಬಣ್ಣ, ನಾದ, ಗೆರೆ ಎಲ್ಲವನ್ನೂ ವರ್ಣಿಸಿ, ಇಂಥ ಹಲಸನ್ನು ಡಾಕ್ಟರಿಗೆ ನೀನೇ ಕೊಟ್ಟೆಯಾ ಎಂದು ಕೇಳಿದೆ. ಅವನು ಬೈರಿಗೆ ಕೆಳಗಿಟ್ಟ.

"ಎಂತ ಮಾರಾಯ್ರೆ ನೀವು! ಅಂಥ ಹಲಸು ಈ ಸುತ್ತಿನಲ್ಲಿ ಬಿದ್ದದ್ದು ಒಂದೇ, ಮಲ್ಲಂದೂರಿಂದು. ಅದರಲ್ಲಿ ಒಳ್ಳೇ ತುಂಡು ಬಂದದ್ದೂ ಒಂದೇ. ಅದನ್ನು ನಿಮಗೇ ಕೊಟ್ಟಿದ್ದೇನಲ್ಲ ಮಾಷ್ಟ್ರೇ? ಎಂತ ಮಾಡಿದ್ರಿ ಅದನ್ನ?"

"ಒಣಗ್ತಾ ಇದೆ," ಎಂದೆ.

"ಇನ್ನೂ?" ಎಂದ ಹಸನಬ್ಬ.

ಬುದ್ಧಿಯಿದ್ದವನಿಗೆ ಅಲ್ಲಿಗೇ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ: ಹಾಗಾದರೆ ನನ್ನ ಹತ್ತಿರವಿರುವ ತುಂಡು ಡಾಕ್ಟರದಕ್ಕಿಂತ ಮೇಲಿನದು, ಅದನ್ನು ಇಳಿಸಿ, ಸೊಟ್ಟ ಗುಳಿಯಿಲ್ಲದ ಚನ್ನೆಮಣೆ ಮಾಡಿ, ಶ್ರಾವಣ ಮುಗಿಯುವುದರೊಳಗೆ ಜಾನಕಿಯನ್ನು ಗೋಡೆಯ ಈಚೆಗೆ ಕರೆತರಬೇಕು. ಒಂಬತ್ತು ವರ್ಷದಲ್ಲಿ ಪ್ರೀತಿಯಿಂದಾಗದ ಕೆಲಸವನ್ನು ಮತ್ಸರ ಒಂದು ಬಸ್ ಪ್ರಯಾಣದಲ್ಲಿ ಮಾಡಿಸಿತು. ದಾರಿಯುದ್ದಕ್ಕೂ ಅಳತೆ ಹಾಕುತ್ತ ಬಂದೆ.

ಮನೆಗೆ ಬಂದವನೇ ಒದ್ದೆ ಕೊಡೆಯನ್ನು ಮೂಲೆಗೆ ಬಿಸುಟು ಏಣಿ ಹಾಕಿದೆ. ಜಾನಕಿ ಒಲೆಯ ಮುಂದೆ ಇದ್ದಳು; ಏನೂ ಕೇಳದೆ ಏಣಿಯ ಕಾಲನ್ನು ಹಿಡಿದುಕೊಂಡಳು. ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಮೂಲೆಯ ಕಪ್ಪು ತುಂಡಿಗೆ ಕೈ ಹಾಕಿ, ಅದರ ಭಾರಕ್ಕೆ ತಕ್ಕ ಬಲವನ್ನೆಲ್ಲ ಕೂಡಿಸಿ ಎತ್ತಿದೆ. ಅದು ಖಾಲಿ ಬುಟ್ಟಿಯಂತೆ ಹಗುರವಾಗಿ ಮೇಲೆ ಬಂತು. ನಾನು ಹಿಂದಕ್ಕೆ ವಾಲಿದೆ. ಏಣಿಯನ್ನು ಅವಳು ಹಿಡಿದಿರದಿದ್ದರೆ ಡಾಕ್ಟರ ಕೈಗುಣವನ್ನು ನಾನೇ ಪರೀಕ್ಷಿಸಬೇಕಾಗುತ್ತಿತ್ತು. ಕೆಳಗಿಳಿದು ಗೆಣ್ಣಿನಿಂದ ಬಡಿದೆ. ಡೊಬ್ಬೆಂದಿತು. ಕತ್ತಿಯಿಂದ ಮಸಿ ಕೆರೆದೆ. ಬೆಳ್ಳಗೆ, ಮೆತ್ತಗೆ, ನಿಸ್ಸತ್ವವಾಗಿ ಕಂಡಿತು. ಹಾಲುವಾಣ. ಎಷ್ಟೋ ತಿಂಗಳಿಂದ ನಾನು ಕೆಳಗೆ ನಿಂತು ಕಣ್ತುಂಬ ನೋಡುತ್ತಿದ್ದ ಸಂಪತ್ತು ಡಾಕ್ಟರು ವಾಪಸು ಕಳಿಸಿದ ಸೌದೆಯ ಕೊರಡು.

"ಅದು ಹೋದ ಮಳೆಗಾಲದಲ್ಲೇ ಹೋಯ್ತು," ಎಂದಳು ಜಾನಕಿ.

ಸೌದೆ ಕೊಟ್ಟ ದಿನ ಹೊಗೆಯಲ್ಲಿ ಗೊತ್ತಾಗದೆ ಹೊರೆಯೊಳಗೆ ಅದೂ ಹೋಗಿತ್ತಂತೆ. ಎಲ್ಲವೂ ಒಂದೇ ಮಸಿಯಲ್ಲವೆ? ಸಂಜೆ ಡಾಕ್ಟರೇ ಅದನ್ನು ಎತ್ತಿಕೊಂಡು ಬಂದರಂತೆ.

"'ಇದ್ರಲ್ಲಿ ಯಾರೋ ಒಂದು ಗುಳಿ ತೋಡವ್ರೆ, ಒಡೆಯಕ್ಕೆ ಮನಸ್ಸು ಬರ್ಲಿಲ್ಲ ಕಣಮ್ಮ' ಅಂದ್ರು. ನಾನೇ ಹೇಳಿದೆ, ಉಳಿದದ್ದೂ ತೋಡಿಬಿಡಿ ಅಂತ."

ಒಂದು ಗುಳಿ. ಅವಳು ಆ ಮಾತು ಹೇಳಿದಾಗ ಒಂಬತ್ತು ವರ್ಷದ ಹಿಂದಿನ ಆ 'ಉಳಿ ಇಟ್ಟು ನೋಡಿದ' ಭಾನುವಾರ ಪೂರ್ತಿಯಾಗಿ ನೆನಪಾಯಿತು. ನಡುವಿನಿಂದ ಶುರು ಮಾಡಬೇಕೆಂದು ನಡುವಿನಲ್ಲೇ ತೋಡಿದ್ದೆ. ನಾರು ಎದ್ದಿತ್ತು. ಎಡಗೋಡೆ ವಾಲಿತ್ತು. ಉಳಿ ಜಾರಿ ತಳದಲ್ಲಿ ಗೀರು ಬಿದ್ದಿತ್ತು. ಆ ಸೋಲನ್ನು ಯಾರೂ ನೋಡಬಾರದೆಂದು ಮಗುಚಿ ಹಾಕಿ ಅಟ್ಟಕ್ಕೆ ಏರಿಸಿದ್ದೆ; ಏರಿಸಿದ ಮೇಲೆ ಮರೆತೂ ಬಿಟ್ಟಿದ್ದೆ. ಸ್ಕೂಲಿನ ಬೋರ್ಡು, ಪೋಸ್ಟಾಫೀಸು, ಹೋಟೆಲು, ಓರೆಯಾಗಿ ಹಿಡಿದ ಕಾಫಿ ಲೋಟ, ಒಂದೊಂದಾಗಿ ಕಣ್ಣ ಮುಂದೆ ಬಂದವು. ನೆಲ ಬಾಯಿ ಬಿಡಬಾರದೇ ಎಂದು ಅನ್ನಿಸಿತು.

"ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ?" ಎಂದೆ.

"ಹೇಳಿದ್ರೆ ಎಂತ ಮಾಡ್ತಿದ್ರಿ? ವಾಪಸ್ ತಂದು ಅಟ್ಟಕ್ಕೆ ಹಾಕ್ತಿದ್ರಿ." ಅವಳ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀವಾಗೇ ಇಳಿಸಿದ ದಿನ ಹೇಳುವ ಅಂತ ಕಾದಿದ್ದೆ. ಅಲ್ಲೀವರೆಗೆ ಹೇಳ್ಬೇಡಿ ಅಂತ ಡಾಕ್ಟ್ರಿಗೂ ಹೇಳಿಟ್ಟಿದ್ದೆ. ಇವತ್ತು ಇಳಿಸಿದ್ರಿ."

"ಆ ಗುಳಿ ಸರಿ ಮಾಡಿಸ್ಬಾರದಿತ್ತಾ?"

"ಸರಿ ಮಾಡ್ಲಾ ಅಂತ ಎರಡು ಸಲ ಕೇಳಿದ್ರು ಅವ್ರು. ನಾನೇ ಬೇಡ ಅಂದೆ. ಅದೊಂದನ್ನ ಮುಟ್ಟಬೇಡಿ ಅಂದೆ."

ಏಕೆಂದು ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ಆ ಹೊತ್ತಿನಲ್ಲಿ ನನಗಿರಲಿಲ್ಲ. ಕೈಯ ಮಸಿ ತೊಳೆದುಕೊಂಡು ಬಂದೆ. ಅವಳು ಸೆರಗಿನಿಂದ ನನ್ನ ಕಿವಿಯ ಹತ್ತಿರ ಉಳಿದಿದ್ದ ಮಸಿಯನ್ನು ಒರೆಸಿ, "ಬನ್ನಿ, ಹೋಗುವ," ಎಂದಳು.

ಡಾಕ್ಟರ ಮನೆಯಲ್ಲಿ ಚನ್ನೆಮಣೆ ಆಗಲೇ ಇಳಿದಿತ್ತು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡ ಡಾಕ್ಟರಿಗೆ ಎಲ್ಲವೂ ತಿಳಿಯಿತೆಂದು ಕಾಣುತ್ತದೆ. ಹರಳೆಣ್ಣೆಯ ಬಗ್ಗೆ ಕ್ಷಮಿಸಿ ಎಂದರು. ನಾನು ಅವರಿಗಿಂತ ದೊಡ್ಡ ಕ್ಷಮೆ ಕೇಳಬೇಕಾಗಿತ್ತು, ಊರಿನ ಎದುರಿಗೇ ಕೇಳಬೇಕಾಗಿತ್ತು. ತೊದಲುತ್ತ ಏನೋ ಹೇಳಿದೆ. ಅವರು ಚನ್ನೆಮಣೆಯನ್ನು ನನ್ನ ಕಡೆಗೆ ಸರಿಸಿ, "ತಗೊಂಡ್ಹೋಗಿ ಮೇಷ್ಟ್ರೇ, ನಿಮ್ಮದೇ. ನಿಮ್ಮ ಗುಳಿಯಿಂದಲೇ ಅಳತೆ ಹಿಡಿದು ಮಿಕ್ಕವನ್ನ ತೋಡಿದ್ದು," ಎಂದರು. ತೆಗೆದುಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ. ಆಟಕ್ಕೆ ಇಬ್ಬರು ಬೇಕು, ಅದು ಇಲ್ಲೇ ಇರಲಿ ಎಂದೆ. ಮುಂದಿನ ಭಾನುವಾರ ನಡುಮನೆಯ ಅಟ್ಟದಿಂದ ಬೀಟೆಯನ್ನು ಇಳಿಸುತ್ತೇನೆ, ಜೊತೆಗೆ ನಿಂತು ಕೈ ತಿದ್ದಬೇಕು ಎಂದೂ ಕೇಳಿಕೊಂಡೆ. ಹೀಗೆ ಹೇಳುವಾಗ ನನ್ನ ಹೃದಯ ನಿರ್ಮಲವಾಯಿತೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನಯವಾಗಿ ಹೊಳೆಯುತ್ತಿದ್ದ ಆ ಹದಿಮೂರು ಗುಳಿಗಳ ಮೇಲೆ ನನಗೆ ಆಗಲೂ ಹೊಟ್ಟೆಕಿಚ್ಚಿತ್ತು, ಈಗಲೂ ಇದೆ.

ಆಟ ಶುರುವಾಯಿತು. ಜಾನಕಿ ಈಚೆ ಸಾಲಿನ ಮುಂದೆ ಕೂತಳು. ಅವಳು ದಿನವೂ ಕೂರುವುದು ಆ ಕಡೆಯೇ ಅಂತೆ. ನಡುವಿನ ಸೊಟ್ಟ ಗುಳಿಗೆ ಬೆರಳು ಹಾಕಿ ನಾಲ್ಕು ಬೀಜ ತೆಗೆದಳು. ವಾಲಿದ ಗೋಡೆಗೆ ಅವಳ ಹೆಬ್ಬೆರಳು ಸರಿಯಾಗಿ ಒರಗುತ್ತಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ಆ ಮನೆಯ ಬೆಂಚನ್ನು ಬಿಟ್ಟು, ನಡುಬೆರಳನ್ನು ಮಡಿಸಿ, ಚನ್ನೆಮಣೆಯ ಅಂಚಿಗೆ ಎರಡು ಸಲ ಬಡಿದೆ.

"ಹೆಂಗೆ ಮೇಷ್ಟ್ರೇ, ಒಣಗೈತಾ?" ಎಂದರು ಡಾಕ್ಟರು, ನಗುತ್ತ.

"ಒಣಗಿದೆ," ಎಂದೆ.

"ಒಣಗಿ ಆರು ವರ್ಷ ಆಯ್ತು," ಎಂದಳು ಜಾನಕಿ, ಕೈಯಲ್ಲಿದ್ದ ಬೀಜಗಳನ್ನು ಒಂದೊಂದಾಗಿ ಬಿಡುತ್ತ.